ಹಿಂದಿನ ಸೀಟಿನ ನಿದ್ದೆ

ಔಷಧಿ ಅಂಗಡಿಯ ಎದುರಿಗೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದ ಮೇಲೂ ಅವಳು ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ. ಕೈ ತೆಗೆದರೆ ಸದ್ದಾದೀತು, ಸದ್ದಾದರೆ ಹಿಂದಿನ ಸೀಟಿನಲ್ಲಿ ಈಗಷ್ಟೇ ಕಣ್ಣು ಮುಚ್ಚಿದ ಮಗು ಎದ್ದೀತು ಎಂಬಂತೆ ಉಸಿರು ಬಿಗಿಹಿಡಿದು ಕೂತಳು. ರಾತ್ರಿಯಿಡೀ ಅತ್ತ ಮಗು. ಹೆಗಲ ಮೇಲೆ ಹಾಕಿಕೊಂಡರೆ ಅಳು, ಇಳಿಸಿದರೆ ಅಳು, ಮೊಲೆ ಬಾಯಿಗಿಟ್ಟರೆ ಒಂದು ಸಲ ಚೀಪಿ, ಚೀಪಿದ್ದಕ್ಕೇ ಕಿವಿಯೊಳಗೆ ಚುಚ್ಚಿದಂತಾಗಿ ಮತ್ತೆ ಕಿಟಾರನೆ ಅಳು. ಬೆಳಿಗ್ಗೆ ಡಾಕ್ಟರು ಕಿವಿಯೊಳಕ್ಕೆ ಬೆಳಕು ಬಿಟ್ಟು ನೋಡಿ, ‘ಪಾಪ, ಒಳಗೆಲ್ಲ ಕೆಂಪಾಗಿಬಿಟ್ಟಿದೆ, ತಡ ಮಾಡ್ಬೇಡಿ, ಈಗ್ಲೇ ಶುರು ಮಾಡಿ’ ಎಂದು ಸಿರಪ್ಪು, ಹನಿ ಎರಡನ್ನೂ ಬರೆದುಕೊಟ್ಟಿದ್ದರು. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ, ಕಾರಿನ ಕುಲುಕಾಟಕ್ಕೋ ಅತ್ತತ್ತು ಸೋತದ್ದಕ್ಕೋ, ಅಳು ಮೊದಲು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು, ಆಮೇಲೆ ಏನೂ ಇಲ್ಲವಾಯಿತು. ಆ ಏನೂ ಇಲ್ಲದ್ದಕ್ಕೆ ಹೆದರಿ ಅವಳು ಕನ್ನಡಿಯಲ್ಲಿ ನೋಡಿದಳು. ಅವಳು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರು ಅದು. ನೆತ್ತಿಯ ಮೇಲೆ ಬೋರ್ಡು, ಬಾಗಿಲ ಮೇಲೆ ಫೋನ್ ನಂಬರು, ಕಲಿಸುವವರ ಕಾಲಿಗೆ ಬೇರೆ ಬ್ರೇಕು, ಕಣ್ಣಿಗೆ ಬೇರೆ ಕನ್ನಡಿ. ಆ ಕನ್ನಡಿಯಲ್ಲಿ ಮಗುವಿನ ಬಾಯಿ ಅರೆತೆರೆದು, ಕೆಳತುಟಿ ಒಳಗೆ ಸೇರಿ, ಹೊಟ್ಟೆ ಏರಿ ಇಳಿಯುತ್ತಿತ್ತು.

ಈಗ ಎಬ್ಬಿಸಬೇಕು. ಬೆಲ್ಟು ಬಿಚ್ಚಬೇಕು, ಬಿಚ್ಚುವಾಗ ಅದು ಟಕ್ಕೆನ್ನುತ್ತದೆ, ಪುಟ್ಟ ಕೈಗಳನ್ನು ಪಟ್ಟಿಯಿಂದ ಬಿಡಿಸಬೇಕು, ನೋಯುವ ಕಿವಿಯ ಕಡೆಗೆ ತಲೆ ವಾಲದಂತೆ ಎತ್ತಬೇಕು; ಎತ್ತಿಕೊಂಡು ರಸ್ತೆ ದಾಟಿ ಆ ಗಾಜಿನ ಬಾಗಿಲ ಹಿಂದೆ ಕೆಮ್ಮುತ್ತ ಸೀನುತ್ತ ನಿಂತ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಹಾಗೇ ಬಿಟ್ಟು ಹೋಗಬೇಕು. ರಸ್ತೆ ಅಗಲವೇನಲ್ಲ, ಇಲ್ಲಿಂದ ಉಗುಳಿದರೆ ಅಲ್ಲಿ ಬೀಳುತ್ತದೆ. ಒಳಗೆ ನಿಂತವಳಿಗೆ ಕಾರು ಕಾಣುತ್ತದೆ. ಬಿಸಿಲಿಲ್ಲ, ಎರಡು ದಿನದಿಂದ ಮೋಡ ಮುಸುಕಿ ಗಾಳಿ ಬೀಸುತ್ತಿದೆ. ಅವಳು ಒಂದೊಂದನ್ನೇ ನೋಡಿಕೊಂಡಳು, ಪಾಠಕ್ಕೆ ಬಂದವರಿಂದ ಹೇಳಿಸುವ ಹಾಗೆ: ಹ್ಯಾಂಡ್‌ಬ್ರೇಕ್ ಎಳೆದಿದೆ, ಗೇರಿನಲ್ಲಿದೆ, ಕೀಲಿ ಕೈಯಲ್ಲಿದೆ, ಎರಡೂ ಕಡೆಯ ಗಾಜು ಎರಡು ಬೆರಳಗಲ ಇಳಿದಿದೆ. ಎಲ್ಲ ಸರಿ ಇದೆ. ಎಲ್ಲ ಸರಿ ಇರುವಾಗಲೇ ಅಲ್ಲವೇ ಆಗಬಾರದ್ದು ಆಗುವುದು ಎಂದು ಅತ್ತೆಯ ದನಿಯಲ್ಲಿ ಒಂದು ಮಾತು ತಲೆಯೊಳಗೆ ಬಂತು. ಮಗು ಹುಟ್ಟಿದ ಈ ಎಂಟು ತಿಂಗಳಿನಿಂದ ಅವಳ ತಲೆಯೊಳಗಿನ ಮಾತುಗಳೆಲ್ಲ ಬೇರೆ ಯಾರದೋ ದನಿಯಲ್ಲಿ ಬರುತ್ತಿದ್ದವು.

ಅವಳ ಅಮ್ಮನಿಗೆ ಇಂಥ ಕಾರು ಇರಲಿಲ್ಲ, ಒಂದೇ ಕೋಣೆ ಇತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹೊರಡುವಾಗ ಹೊರಗಿನಿಂದ ಬೀಗ. ‘ಕಿಟಕಿ ಹತ್ರಾನೇ ಇರು, ಒಲೆ ಕಡೆ ಹೋದ್ರೆ ಕಾಲು ಮುರೀತೀನಿ.’ ನಾಲ್ಕು ವರ್ಷದ ಅವಳು ಕಿಟಕಿಯ ಸರಳು ಹಿಡಿದು ನಿಂತು, ಗೋಡೆಯ ಮೇಲೆ ಬಿಸಿಲಿನ ತುಂಡು ಜರುಗುವುದನ್ನು ನೋಡುತ್ತಿದ್ದಳು. ಅದು ಮೊಳೆಯ ಹತ್ತಿರ ಬಂದರೆ ಅಮ್ಮ ಬರುವ ಹೊತ್ತು. ಒಂದು ದಿನ ಪಕ್ಕದ ಮನೆಯವಳು ನಾಲ್ಕು ಜನರ ಮುಂದೆ ಕೇಳಿದಳು, ‘ಅಲ್ರೀ, ಹೆತ್ತ ಮಗೂನ ಹಿಂಗೆ ಕೂಡಿಹಾಕಿ ಹೋಗ್ತೀರಲ್ಲ, ನಿಮ್ಮ ಕರುಳು ಎಂಥದ್ದು?’ ಅಮ್ಮ ಬೀಗ ತೆಗೆಯುತ್ತಲೇ ಅಂದಳು: ‘ಹಾಕಿದ್ದು ನಾನು, ತೆಗೀತಿರೋದೂ ನಾನೇ. ನೀವು ಒಂದಿನ ಕೂರಿಸ್ಕೊಂಡಿದ್ರೆ ನಿಮ್ಮ ಕರುಳೂ ಗೊತ್ತಾಗ್ತಿತ್ತು.’ ಆ ಉತ್ತರಕ್ಕಾಗಿ ಅವಳು ಅಮ್ಮನನ್ನು ಎಷ್ಟೋ ವರ್ಷ ಮೆಚ್ಚಿಕೊಂಡಿದ್ದಳು. ಒಂದು ಮಧ್ಯಾಹ್ನ ಮಳೆ ಹಿಡಿದು ಬಿಸಿಲಿನ ತುಂಡೇ ಇಲ್ಲದೆ, ಹೊತ್ತೆಷ್ಟೆಂದು ತಿಳಿಯದೆ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದೂ ನೆನಪಿತ್ತು. ಎರಡೂ ನಿಜ. ಒಂದು ನಿಜ ಇನ್ನೊಂದನ್ನು ಅಳಿಸುತ್ತಿರಲಿಲ್ಲ.

ಮತ್ತೆ, ಹೋದ ತಿಂಗಳು ಗಂಡ. ಲಿಫ್ಟ್ ರಿಪೇರಿ ಅವನ ಕೆಲಸ. ರಜೆಯ ದಿನ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದ. ರಾತ್ರಿ ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು: ‘ಬೋಲ್ಟು ಆರಿಸ್ತಾ ಅಂಗಡಿಯವನ ಹತ್ರ ಮಾತಿಗೆ ನಿಂತ್ಬಿಟ್ಟೆ ನೋಡು. ಆಮೇಲೆ ಅಯ್ಯೋ, ಇವಳನ್ನ ಕಾರಲ್ಲಿ ಬಿಟ್ಟಿದೀನಲ್ಲ ಅಂತ ನೆನಪಾಗಿ ಓಡಿ ಬಂದ್ರೆ, ಮಹಾರಾಣಿ ತನ್ನ ಕಾಲಿನ ಹೆಬ್ಬೆರಳು ತಾನೇ ತಿಂತಾ ಕೂತಿದಾಳೆ!’ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ‘ನಮ್ಮ ಗುಂಡಮ್ಮ ಜಾಣೆ. ಅಪ್ಪನ್ನ ಕಾಯೋದು ಈಗ್ಲೇ ಕಲ್ತ್ಕೊಂಡ್ಳು.’ ಅವಳೂ ನಕ್ಕಿದ್ದಳು. ಅದೇ ಈಗ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿರುವುದು. ಅವನು ಮರೆತುಹೋಗಿದ್ದ. ಅವಳು ಮರೆಯಲಾರಳು, ಅವಳಿಗೆ ಮರೆಯುವ ಅನುಕೂಲವಿಲ್ಲ. ಬಿಡುವುದಾದರೆ ನೋಡಿ, ಯೋಚಿಸಿ, ಕಣ್ಣಾರೆ ಬಿಟ್ಟು ಹೋಗಬೇಕು. ಮರೆತವನದ್ದು ತಮಾಷೆ, ಯೋಚಿಸಿದವಳದ್ದು ಪಾಪ. ಹೀಗೆ ಅಂದುಕೊಳ್ಳುತ್ತಲೇ ಅವಳ ಕೈ ಬಾಗಿಲು ತೆರೆದಿತ್ತು. ಕೆಳಗಿಳಿದು, ಸದ್ದಾಗದಂತೆ ಸೊಂಟದಿಂದ ಒತ್ತಿ ಬಾಗಿಲು ಮುಚ್ಚಿ, ಲಾಕ್ ಮಾಡಿ, ಗಾಜಿನ ಸಂದಿಗೆ ಕಿವಿಯಿಟ್ಟು ಒಂದು ಉಸಿರು ಕೇಳಿಸಿಕೊಂಡು ರಸ್ತೆ ದಾಟಿದಳು.

ಸಾಲು ಹೊರಗಿನಿಂದ ಕಂಡದ್ದಕ್ಕಿಂತ ಉದ್ದವಿತ್ತು. ಅವಳು ಕೌಂಟರಿಗೆ ಅಡ್ಡಲಾಗಿ, ಒಂದು ಕಣ್ಣು ಗಾಜಿನ ಬಾಗಿಲಿಗೆ ಕೊಟ್ಟು ನಿಂತಳು. ಕಾರು ಕಾಣುತ್ತಿತ್ತು, ಹಿಂದಿನ ಕಿಟಕಿ, ಕಿಟಕಿಯಲ್ಲಿ ಮಗುವಿನ ಟೊಪ್ಪಿಯ ಹಳದಿ. ಮುಂದಿದ್ದ ಮುದುಕರು ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ, ಉತ್ತರ ಕೇಳಿಸದೆ ಮತ್ತೆ ಕೇಳಿ, ‘ಅಂದ್ರೆ ಊಟಾನೇ ಮಾಡ್ದಿದ್ರೆ?’ ಎಂದರು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದ ಅಂಗಡಿಯವನು, ‘ಊಟ ಮಾಡಿ ತಾತ, ಅದೂ ಔಷಧೀನೇ’ ಎಂದ. ಸಾಲು ನಕ್ಕಿತು. ಅವಳಿಗೆ ನಗು ಬರಲಿಲ್ಲ. ಇಬ್ಬರು ಹೋದರು. ಇನ್ನೊಬ್ಬರು ಹೋದರು. ಅವಳ ಸರದಿ ಬಂದಾಗಲೇ ಆ ಬ್ರೆಡ್ಡಿನ ವ್ಯಾನು ಬಂದು ಅಂಗಡಿಯ ಮುಂದೆ ನಿಂತದ್ದು. ಕಾರು ಇಲ್ಲವಾಯಿತು. ಕಾರಿದ್ದಲ್ಲಿ ವ್ಯಾನಿನ ಮೈಮೇಲೆ ಬರೆದಿದ್ದ ದುಂಡುಮುಖದ ಮಗುವೊಂದು ಬ್ರೆಡ್ಡಿನ ಚೂರು ಕಚ್ಚಿಕೊಂಡು ಅವಳನ್ನು ನೋಡಿ ನಗುತ್ತಿತ್ತು.

ಕಾಲು ಬಾಗಿಲ ಕಡೆಗೆ ತಿರುಗಿತು. ಹಿಂದಿನಿಂದ ಯಾರೋ, ‘ಹೊರಟ್ರಾ? ಹಾಗಿದ್ರೆ ಪಕ್ಕಕ್ಕೆ ಸರೀರಿ’ ಎಂದರು. ಅಂಗಡಿಯವನು ಚೀಟಿಗೆ ಕೈ ಚಾಚಿ, ‘ಮಗೂಗಾ? ವಯಸ್ಸೆಷ್ಟು?’ ಎಂದ. ಈಗ ಹೋದರೆ ಮತ್ತೆ ಸಾಲಿನ ಕೊನೆ, ಮತ್ತೆ ಇದೇ ಲೆಕ್ಕಾಚಾರ, ಔಷಧಿಯಿಲ್ಲದೆ ಇನ್ನೊಂದು ರಾತ್ರಿ. ‘ಎಂಟು ತಿಂಗಳು’ ಎಂದಳು. ನಿಂತಳು. ಆಗ ಅವಳಿಗೆ ಬೇರೇನೋ ಆಯಿತು, ಅದನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಅವಳಿಗೆ ಅದಕ್ಕೊಂದು ಹೆಸರಿಡಲು ಆಗಲಿಲ್ಲ. ಅಂಗಡಿಯವನು ಒಳಗೆ ಹೋಗಿ ಸಿರಪ್ಪು ಹುಡುಕುತ್ತಿದ್ದ. ಹೊರಗೆ ವ್ಯಾನು. ನೋಡಬೇಕೆಂದರೂ ನೋಡಲು ಏನೂ ಇರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದ ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣು ಯಾರದೂ ಆಗಿರಲಿಲ್ಲ. ಹೆಗಲು ಹಗುರಾಯಿತು. ಕೌಂಟರಿನ ಮೇಲಿದ್ದ ಕೆಮ್ಮಿನ ಗುಳಿಗೆಗಳ ಜಾಡಿಯನ್ನು ಸುಮ್ಮನೆ ನೋಡಿದಳು: ಹಸಿರು, ಕೆಂಪು, ಕಿತ್ತಳೆ. ಏನು ಚೆಂದದ ಬಣ್ಣಗಳು ಎಂದುಕೊಂಡಳು. ಹಾಗೆ ಅಂದುಕೊಂಡದ್ದು ತನ್ನ ಅರಿವಿಗೆ ಬಂದಾಗ ಜಾಡಿಯಿಂದ ಕಣ್ಣು ಕಿತ್ತುಕೊಂಡಳು. ಅವಳನ್ನು ಹೆದರಿಸಿದ್ದು ವ್ಯಾನಲ್ಲ, ಆ ಹಗುರ.

ಎರಡೂ ಬಾಟಲಿ ಹಿಡಿದು ವ್ಯಾನನ್ನು ಸುತ್ತಿ ಬರುವಷ್ಟರಲ್ಲಿ ಕಾರಿನ ಸುತ್ತ ಜನ. ಎಲ್ಲಿಂದ ಬಂದರು ಇವರೆಲ್ಲ? ಮಗು ರಾತ್ರಿಯಿಡೀ ಅತ್ತಾಗ ಒಬ್ಬರೂ ಇರಲಿಲ್ಲವಲ್ಲ ಎಂದು ಹುಚ್ಚುಹುಚ್ಚಾಗಿ ಅನ್ನಿಸಿತು. ಗಾಜಿಗೆ ಬಡಿಯುತ್ತಿದ್ದರು. ಮಗು ಎದ್ದು, ಬಾಯಿ ಅಗಲಿಸಿ ಕೆಂಪಾಗಿ ಅಳುತ್ತಿತ್ತು. ಒಬ್ಬ ತನ್ನ ಹೆಲ್ಮೆಟ್ ತೆಗೆದು, ಅದನ್ನು ಕಲ್ಲಿನಂತೆ ಎತ್ತಿ ಹಿಡಿದು, ಕಿಟಕಿಗೆ ಗುರಿ ಇಡುತ್ತಿದ್ದ.

‘ಏಯ್, ಇಳಿಸ್ರೀ ಅದನ್ನ!’ ಎಂದು ಅವಳು ನುಗ್ಗಿದಳು. ನುಗ್ಗುವಾಗ ಯಾರದೋ ಮೊಣಕೈ ತಗುಲಿ ಸಿರಪ್ಪಿನ ಬಾಟಲಿ ಕೈಜಾರಿ ರಸ್ತೆಯ ಮೇಲೆ ಬಿದ್ದು ಒಡೆಯಿತು. ‘ಗಾಜು ಒಡೆದಿದ್ರೆ ಚೂರು ಎಲ್ಲಿ ಬೀಳ್ತಿತ್ತು? ಅದರ ಕಣ್ಣಿಗೆ! ಗಾಜು ಇಳಿಸಿದೆ, ಕಾಣಲ್ವಾ ನಿಮಗೆ?’

‘ಓಹೋ, ಬಂದ್ರಾ ತಾಯಿ?’ ಹೆಲ್ಮೆಟ್ಟಿನವನು ಕೈ ಇಳಿಸದೆ ಅಂದ. ‘ಅರ್ಧ ಗಂಟೆಯಿಂದ ಅಳ್ತಿದೆ ಕೂಸು.’

‘ಅರ್ಧ ಗಂಟೆ ಏನು, ನಾನು ಬಂದೇ ಮುಕ್ಕಾಲು ಗಂಟೆ ಆಯ್ತು’ ಎಂದರು ಇನ್ನೊಬ್ಬರು.

‘ಡ್ರೈವಿಂಗ್ ಕಲಿಸ್ತಾರಂತೆ. ಇವರ ಹತ್ರ ಕಲಿತವರು ಮಕ್ಕಳನ್ನ ಎಲ್ಲೆಲ್ಲಿ ಬಿಡ್ತಾರೋ! ನಂಬರ್ ಇಲ್ಲೇ ಇದೆಯಲ್ಲ, ಓನರ್‌ಗೆ ಹಚ್ಚಿ ಫೋನು.’

ಅವಳು ಬಾಗಿಲು ತೆಗೆದು ಬೆಲ್ಟು ಬಿಚ್ಚಿ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಬೆನ್ನು ಬೆವೆತಿರಲಿಲ್ಲ, ಕೈಕಾಲು ಎಂದಿನಂತೆ ಬೆಚ್ಚಗಿದ್ದವು. ತಿರುಗಿ ನೋಡಿದಾಗ ನಾಲ್ಕೈದು ಮೊಬೈಲುಗಳು ಅವಳತ್ತ ಮುಖ ಮಾಡಿದ್ದವು. ಅವುಗಳ ನಡುವೆ ಒಂದು ಪರಿಚಿತ ಮುಖ: ಅವಳ ಬಳಿ ಕಲಿಯುತ್ತಿದ್ದ ಬ್ಯಾಂಕಿನ ಗುಮಾಸ್ತ. ಹೋದ ವಾರ ನಡುರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು, ಹಿಂದಿನವರ ಹಾರನ್ನಿಗೆ ಅಳುವುದೊಂದು ಬಾಕಿ ಉಳಿದಿತ್ತು ಅವನಿಗೆ. ‘ಹೊಡೀಲಿ ಬಿಡಿ. ಹಾರನ್ನಿಗೆ ಯಾರೂ ಸತ್ತಿಲ್ಲ, ಗಾಬರಿಗೆ ಸತ್ತಿದಾರೆ. ನಿಧಾನಕ್ಕೆ ಕ್ಲಚ್ ಒತ್ತಿ, ಕೀ ತಿರುಗಿಸಿ’ ಎಂದಿದ್ದಳು. ಈಗ ಅವನು ಮೊಬೈಲು ಎತ್ತಿ ಹಿಡಿದಿದ್ದ. ಅವಳ ಕಣ್ಣು ತಗುಲಿದ್ದೇ, ‘ಮಿಸ್, ನಾನು ತೆಗೀತಿಲ್ಲ, ಸುಮ್ನೆ ಟೈಮ್ ನೋಡ್ತಿದ್ದೆ’ ಎಂದ. ಕೈ ಮಾತ್ರ ಇಳಿಯಲಿಲ್ಲ.

ಅವರೆಲ್ಲರಿಂದ ಸ್ವಲ್ಪ ಬೇರೆಯಾಗಿ, ಹಿಂದಿನ ಚಕ್ರದ ಹತ್ತಿರ, ಮಡಿಸಿದ ಕೊಡೆ ಹಿಡಿದ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಅವರು ಬಡಿದಿರಲಿಲ್ಲ, ಕೂಗಿರಲಿಲ್ಲ. ‘ನಾನು ಮೊದಲಿಂದ ನೋಡ್ತಾ ನಿಂತಿದ್ದೆ ಕಣಮ್ಮ’ ಎಂದರು, ಅವಳಿಗೆ ಮಾತ್ರ ಕೇಳುವ ಹಾಗೆ. ‘ಉಸಿರಾಡ್ತಿತ್ತು. ಇವರು ಬಡಿಯೋವರೆಗೂ ನಿದ್ದೆಯಲ್ಲೇ ಇತ್ತು. ನಮ್ಮಕ್ಕನ ಮಗು ಹಿಂಗೇ ಕಾರಲ್ಲಿ... ಆಗ ಬೇಸಿಗೆ. ಅಕ್ಕ ಈಗಲೂ ಕಾರು ಕಂಡ್ರೆ ಒಳಗೆ ಬಗ್ಗಿ ನೋಡ್ತಾಳೆ.’ ‘ನಿಂತ್ಕೊಂಡಿದ್ರಲ್ಲ, ದೊಡ್ಡ ಉಪಕಾರ ಆಯ್ತಮ್ಮ’ ಎಂದಳು. ತಲೆ ಬಾಗಿಸಿದಳು. ಜನ ಅದನ್ನು ಕಂಡು, ಇವಳು ಮೆತ್ತಗಾದಳು ಎಂದುಕೊಂಡು ಇನ್ನಷ್ಟು ಹತ್ತಿರ ಬಂದರು.

ಯಾರೋ ಕರೆದಿದ್ದರು, ಪೊಲೀಸಿನವನೊಬ್ಬ ಬಂದ. ಕೆಲಸ ಮುಗಿಸಿ ಮನೆಗೆ ಹೊರಟವನನ್ನು ಅರ್ಧದಾರಿಯಲ್ಲಿ ತಡೆದಂತಿತ್ತು ಅವನ ಮುಖ. ಎಲ್ಲರೂ ಒಟ್ಟಿಗೇ ಹೇಳಿದ್ದನ್ನು ಕೇಳಿ, ಕಾರಿನೊಳಗೆ ಬಗ್ಗಿ, ಮಗುವಿನ ಕೆನ್ನೆ ಮುಟ್ಟಿ ನೋಡಿ, ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. ‘ನೋಡೀಮ್ಮ, ಮಗು ಚೆನ್ನಾಗಿದೆ. ನನಗೂ ಇದನ್ನ ದೊಡ್ಡದು ಮಾಡೋ ಆಸೆ ಇಲ್ಲ. ಎಲ್ಲರ ಎದುರಿಗೆ ಒಂದು ಮಾತು, ತಪ್ಪಾಯ್ತು ಅಂತ ಹೇಳ್ಬಿಡಿ. ಅವರಿಗೂ ಸಮಾಧಾನ, ನೀವೂ ಹೊರಡಿ.’

ಒಂದು ಮಾತು. ಈ ಎಂಟು ತಿಂಗಳಲ್ಲಿ ಅವಳು ಆ ಮಾತನ್ನು ಎಷ್ಟು ಅಗ್ಗಕ್ಕೆ ಕೊಟ್ಟಿರಲಿಲ್ಲ! ಹಾಲು ಕಡಿಮೆಯಾದಾಗ ಅತ್ತೆಗೆ, ಮಗು ಅತ್ತು ಮೇಲಿನ ಮನೆಯವರ ನಿದ್ದೆ ಕೆಟ್ಟಾಗ ಅವರಿಗೆ, ಕೆಲಸಕ್ಕೆ ಬೇಗ ಮರಳಿದ್ದಕ್ಕೆ ಗಂಡನಿಗೆ, ತಡವಾಗಿ ಮರಳಿದ್ದಕ್ಕೆ ಓನರ್‌ಗೆ, ಬಸ್ಸಿನಲ್ಲಿ ಮಗುವಿನ ಕಾಲು ತಗುಲಿದ ಯಾರಿಗೋ. ಬಾಯಿ ತೆರೆದರೆ ಸಾಕು, ತಾನಾಗಿ ಉದುರುತ್ತಿತ್ತು. ಈಗಲೂ ನಾಲಗೆಯ ತುದಿಯಲ್ಲೇ ಇತ್ತು. ‘ಹೇಳಲ್ಲ’ ಎಂದಳು. ಹೇಳಿದ ಮೇಲೆ ಅದು ತನ್ನದೇ ದನಿಯೆಂದು ಗುರುತು ಸಿಕ್ಕಿತು.

ಅಷ್ಟರಲ್ಲಿ ಗಂಡ ಬಂದ. ಯಾರೋ ಓನರ್‌ಗೆ ಫೋನ್ ಮಾಡಿ, ಓನರ್ ಅವನಿಗೆ ಮಾಡಿ, ಪಕ್ಕದ ಬೀದಿಯಲ್ಲೇ ಕೆಲಸದಲ್ಲಿದ್ದ ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಓಡಿ ಬಂದಿದ್ದ. ಮಗುವನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಜನರ ಕಡೆ ತಿರುಗಿ ಕೈ ಜೋಡಿಸಿದ. ‘ತಪ್ಪಾಯ್ತು ಸರ್, ಎಲ್ಲರೂ ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ. ರಾತ್ರಿಯೆಲ್ಲ ನಿದ್ದೆ ಇಲ್ಲ ಇವಳಿಗೆ, ತಲೆ ಸರಿಯಾಗಿ ಓಡ್ತಿಲ್ಲ. ಮರೆತು ಬಿಟ್ಟು ಹೋಗಿರ್ತಾಳೆ, ಪಾಪ.’

ಜನ ಕರಗಿದರು. ‘ಹೌದಪ್ಪ, ಬಾಣಂತಿತನ ಮುಗಿದಮೇಲೆ ಕೆಲವರಿಗೆ ಹಾಗಾಗತ್ತೆ.’ ‘ಡಾಕ್ಟರಿಗೆ ತೋರಿಸಿ.’ ಹೆಲ್ಮೆಟ್ಟಿನವನು ಅವನ ಹೆಗಲು ತಟ್ಟಿದ. ಮೊಬೈಲುಗಳು ಇಳಿಯತೊಡಗಿದವು. ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

‘ನಾನು ಮರೆತಿಲ್ಲ’ ಎಂದಳು ಅವಳು.

‘ಸುಮ್ನಿರೇ’ ಎಂದ ಗಂಡ, ತುಟಿ ಅಲ್ಲಾಡಿಸದೆ.

‘ಮರೆತು ಹೋದೋನು ನೀನು, ಹಾರ್ಡ್‌ವೇರ್ ಅಂಗಡೀಲಿ. ನಾನು ನೋಡಿ, ಯೋಚನೆ ಮಾಡಿ ಬಿಟ್ಟೋದೆ. ನನ್ನ ತಲೆ ಸರಿಯಾಗೇ ಓಡ್ತಿತ್ತು.’ ಅವನ ಕಿವಿ ಕೆಂಪಾದದ್ದನ್ನು ಕಂಡಳು. ಅಯ್ಯೋ ಅನ್ನಿಸಿತು, ಆದರೂ ನಿಲ್ಲಿಸಲಿಲ್ಲ. ಪೊಲೀಸಿನವನ ಕಡೆ ತಿರುಗಿದಳು. ‘ಇನ್ನೊಂದೂ ಹೇಳ್ತೀನಿ ಕೇಳಿ. ಆ ವ್ಯಾನು ಅಡ್ಡ ಬಂದಾಗ ನನಗೆ ಕಾರು ಕಾಣಿಸಲಿಲ್ಲ. ಆಗ ಹೊರಗೆ ಬರಬೇಕಿತ್ತು, ಬರಲಿಲ್ಲ. ಅದು ನನಗೆ ಗೊತ್ತು. ಅದಕ್ಕೆ ನಾನು ಈ ಕೂಸಿಗೆ ಉತ್ತರ ಹೇಳ್ಬೇಕು, ಇವರಿಗಲ್ಲ. ಕೇಸು ಹಾಕ್ತೀರಾ, ಹಾಕಿ, ಸ್ಟೇಷನ್ನಿಗೆ ನಾನೇ ಡ್ರೈವ್ ಮಾಡ್ಕೊಂಡು ಬರ್ತೀನಿ. ತಲೆಕೆಟ್ಟವಳು ಅಂತ ಮಾತ್ರ ಕನಿಕರ ತೋರಿಸ್ಬೇಡಿ.’

ಜನ ಕೈಗೆ ಬಂದ ತುತ್ತು ಬಾಯಿಗೆ ಬರದವರ ಹಾಗೆ ನಿಂತಿದ್ದರು. ಪೊಲೀಸಿನವನು ಅವಳ ಮುಖ ನೋಡಿ, ಮಗುವಿನ ಮುಖ ನೋಡಿ, ಗಾಜಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ಅಳೆದು, ‘ಇನ್ನೊಂದ್ಸಲ ಕಂಡ್ರೆ ಬಿಡಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ‘ನಡೀರಿ, ನಡೀರಿ, ಇಲ್ಲೇನು ಸಿನಿಮಾನಾ?’ ಜನ ಹಿಂದಿರುಗಿ ನೋಡುತ್ತ, ಇವಳಿಗೆ ಎಷ್ಟು ಸೊಕ್ಕು ನೋಡು ಎನ್ನುತ್ತ ಚದುರಿದರು. ಕೊಡೆಯ ಹೆಂಗಸು ಮಗುವಿನ ಜಾರಿದ ಟೊಪ್ಪಿಯನ್ನು ಸರಿಮಾಡಿ ಹೋದರು.

‘ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’ ಗಂಡನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ‘ನನ್ನ ಮಾನ ನಡುಬೀದೀಲಿ ಕಳೆದೆ. ಓನರ್ ಬೇರೆ ಸಿಕ್ಕಾಪಟ್ಟೆ ಕೂಗಾಡ್ತಿದ್ದ. ನಾಳೆಯಿಂದ ಅವಳು ಬರೋದು ಬೇಡ ಅಂತಿದಾನೆ. ಅಮ್ಮನಿಗೆ ಏನಂತ ಹೇಳ್ಲಿ?’

‘ಆದದ್ದನ್ನ ಹೇಳು’ ಎಂದಳು. ಬೇರೆ ಸಮಯವಾಗಿದ್ದರೆ ಈ ಮನುಷ್ಯನನ್ನು ಕಂಡು ಮರುಕವಾಗುತ್ತಿತ್ತು: ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದವನು, ಅವಳಿಗಾಗಿಯೇ ಕೈ ಮುಗಿದವನು. ಮರೆತಳೆಂಬ ಅವನ ಮಾತು ಅವಳಿಗೆ ಹಿಡಿದ ಕೊಡೆಯೇ. ಅದರ ಕೆಳಗೆ ನಿಲ್ಲಬೇಕಾದರೆ ಅವಳು ಕುಳ್ಳಿಯಾಗಬೇಕಿತ್ತು, ಅಷ್ಟೇ. ರಸ್ತೆಯ ಮೇಲೆ ಸಿರಪ್ಪು ಗುಲಾಬಿ ಬಣ್ಣದ ತೇಪೆಯಾಗಿ ಹರಡಿ, ಗಾಜಿನ ಚೂರುಗಳು ಹೊಳೆಯುತ್ತಿದ್ದವು. ಅವಳು ಮಗುವನ್ನು ಅವನ ತೋಳಿಗೆ ಕೊಟ್ಟಳು. ‘ಕಿವಿ ಎಡಗಡೇದು ನೋಯ್ತಿದೆ, ಆ ಕಡೆ ಒತ್ತಬೇಡ. ಕಾರಲ್ಲಿ ಕೂತಿರು.’

‘ಈಗೆಲ್ಲಿಗೆ?’

‘ಔಷಧಿ ಒಡೆದೋಯ್ತಲ್ಲ.’

‘ನಾನು ಹೋಗ್ತೀನಿ ಬಿಡು. ಮತ್ತೆ ಅಲ್ಲಿಗೇ ಹೋಗ್ತೀಯಾ? ಎಲ್ಲ ನೋಡಿದಾರೆ ನಿನ್ನ.’

‘ನೋಡ್ಲಿ.’

ಸಾಲಿನಲ್ಲಿ ಅರ್ಧಕ್ಕರ್ಧ ಅದೇ ಜನ. ಅವಳು ಒಳಗೆ ಬಂದದ್ದೇ ಅಂಗಡಿಯವನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ನೋಡಿದ. ಮುಂದಿದ್ದ ಹೆಂಗಸು, ಮೈಲಿಗೆಯಾದವರಿಗೆ ದಾರಿ ಬಿಡುವಂತೆ ಸರಿದು, ‘ಬೇಕಾದ್ರೆ ನೀವು ಮೊದಲು ತಗೊಂಡು ಹೋಗ್ಬಿಡಿ’ ಎಂದಳು. ‘ಬೇಡ. ನನ್ನ ಸರದಿ ಬಂದಾಗ ತಗೋತೀನಿ’ ಎಂದು ಅವಳು ಕೊನೆಯಲ್ಲಿ ನಿಂತಳು. ಈ ಸಲ ಅಡ್ಡಲಾಗಿ ನಿಲ್ಲಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ನೇರವಾಗಿ ನಿಂತಳು. ಚೀಲದಲ್ಲಿ ಫೋನು ಹೊಡೆದುಕೊಂಡಿತು, ಓನರ್ ಇರಬೇಕು. ಹೊಡೆದುಕೊಳ್ಳಲಿ ಎಂದು ಬಿಟ್ಟಳು. ಆಗ ಹೊರಗಿನಿಂದ ಮಗುವಿನ ಅಳು ಕೇಳಿಸಿತು. ಅದರ ಮೇಲೆ ಗಂಡ ಏನೋ ಹಾಡುತ್ತಿದ್ದ, ಶ್ರುತಿ ಇಲ್ಲ, ತಾಳ ಇಲ್ಲ. ಕುತ್ತಿಗೆ ತಾನಾಗಿ ತಿರುಗಲು ಹೊರಟಿತು. ತಿರುಗಗೊಡಲಿಲ್ಲ. ಅಳಲಿ. ಅಪ್ಪ ಇದ್ದಾನೆ. ಕುತ್ತಿಗೆ ಮಾತು ಕೇಳಿತು, ಮೈ ಕೇಳಲಿಲ್ಲ: ಆ ಅಳುವಿಗೆ ಎದೆ ಜುಮ್ಮೆಂದು ಹಾಲು ಇಳಿಯಿತು, ಅಂಗಿಯ ಮೇಲೆ ಎರಡು ಒದ್ದೆ ಕಲೆಗಳು ಮೂಡಿ ಅಗಲವಾಗತೊಡಗಿದವು. ಪಕ್ಕದವಳು ಕಂಡು ಕಣ್ಣು ತಪ್ಪಿಸಿದಳು. ಮುಚ್ಚಿಕೊಳ್ಳಲು ಚೀಲವಿತ್ತು, ಎರಡು ಕೈಗಳಿದ್ದವು. ಅವಳು ಕೈಗಳನ್ನು ಎರಡೂ ಪಕ್ಕಕ್ಕೆ ಇಳಿಬಿಟ್ಟು, ಸಾಲು ಮುಂದೆ ಸರಿದಾಗ ತಾನೂ ಒಂದು ಹೆಜ್ಜೆ ಸರಿದು ನಿಂತಳು.